ಯಾರ ಬಲವಂತವೂ ಇಲ್ಲದೆ

ನಾನು ಬರೆದುಕೊಡುವ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಮಾತಿನಿಂದ ಮುಗಿಯುತ್ತವೆ. ಯಾರ ಒತ್ತಾಯಕ್ಕೂ ಬಲವಂತಕ್ಕೂ ಒಳಗಾಗದೆ, ಸ್ವಸ್ಥ ಮನಸ್ಸಿನಿಂದ, ಸ್ವಂತ ಇಚ್ಛೆಯಿಂದ ಬರೆಸಿ, ಓದಿಸಿ ಕೇಳಿ, ಸಹಿ ಮಾಡಿರುತ್ತೇನೆ ಅಂತ. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ, ಹಕ್ಕು ಬಿಡುಗಡೆ ಪತ್ರ, ಯಾವುದೇ ಆಗಲಿ, ಈ ಸಾಲು ಬರಲೇಬೇಕು. ಬರೆದು ಬರೆದು ನನಗೆ ಅದು ಕಣ್ಣಿಗೆ ಕಾಣುವುದೇ ನಿಂತುಹೋಗಿತ್ತು.

ಬಂಗಾರಪೇಟೆಯಲ್ಲಿ ನನ್ನನ್ನು ರೈಟ್ರಮ್ಮ ಅನ್ನುತ್ತಾರೆ. ಮೊದಲು ಇದು ನನ್ನ ಯಜಮಾನರ ಕೆಲಸ. ಅವರು ಹೋದ ಮೇಲೆ ಪರವಾನಗಿ ಮಾಡಿಸಿಕೊಂಡು ಅದೇ ಮೇಜಿಗೆ ನಾನು ಕೂತೆ. ಬಾಂಡ್ ಬರೆಯೋದು ಹೆಂಗಸರ ಕೆಲಸವಾ ಅಂದವರು ಆಮೇಲೆ ತಾವೇ ಪಹಣಿ ಹಿಡಿದುಕೊಂಡು ಬಂದರು. ಈಗೆಲ್ಲ ಕಂಪ್ಯೂಟರಿನಲ್ಲಿ ಕಾವೇರಿ ತಂತ್ರಾಂಶ, ಇ-ಸ್ಟ್ಯಾಂಪು. ನಮ್ಮ ಕಸುಬಿಗೆ ಇನ್ನೆಷ್ಟು ದಿನ ಅನ್ನೋದೇ ಬೇರೆ ಕಥೆ. ಆದರೂ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಓಡಾಡುವ ಈ ಊರಲ್ಲಿ ಕಾಗದದಲ್ಲಿ ಏನಿದೆ ಅಂತ ಅವರವರ ಮಾತಿನಲ್ಲಿ ಹೇಳುವುದಕ್ಕೆ ಒಬ್ಬರು ಬೇಕು. ಹಳೆಯ ಮೂಲಪತ್ರಗಳಲ್ಲಿ ಇವತ್ತಿಗೂ ಬೌರಿಂಗ್‌ಪೇಟೆ ಅಂತಲೇ ಇರುತ್ತದೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರು ಅದು.

ಸಮಾಜ ಮನುಷ್ಯನನ್ನು ಹೇಗೆ ಬಗ್ಗಿಸುತ್ತದೆ, ಬಗ್ಗಿದ್ದಕ್ಕೆ ಅವನು ಏನು ತೆರುತ್ತಾನೆ ಅಂತ ದೊಡ್ಡವರು ದೊಡ್ಡ ಪುಸ್ತಕ ಬರೆದಿದ್ದಾರೆ. ನನಗೆ ಅದು ಕಂಡಿರುವುದು ಗುಂಟೆಯ ಲೆಕ್ಕದಲ್ಲಿ.

ನನ್ನ ಮೇಜಿಗೆ ಹೆಚ್ಚಾಗಿ ಬರುವುದು ಹಕ್ಕು ಬಿಡುಗಡೆ ಪತ್ರ. ಅಪ್ಪ ತೀರಿಕೊಂಡಿರುತ್ತಾನೆ. ಗಂಡುಮಕ್ಕಳು ಪೌತಿ ಖಾತೆಗೆ ಓಡಾಡುತ್ತಾರೆ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿದಾಗ ಅದರಲ್ಲಿ ಅಕ್ಕತಂಗಿಯರ ಹೆಸರೂ ಬರುತ್ತದೆ. ಆಗ ನನ್ನ ಹತ್ತಿರ ಬಂದು, “ಹೆಣ್ಣುಮಕ್ಕಳ ಹೆಸರು ಬಂದುಬಿಟ್ಟದೆ ರೈಟ್ರಮ್ಮ, ಅವರ ಕೈಲಿ ಒಂದು ಸೈನ್ ಹಾಕಿಸಿಬಿಟ್ರೆ ಕೆಲಸ ಮುಗೀತದೆ” ಅನ್ನುತ್ತಾರೆ. ಯಾವುದೋ ತೊಡಕು ಬಿಡಿಸುವ ಹಾಗೆ. ಗೊತ್ತಾದ ದಿನ ಅಕ್ಕತಂಗಿಯರು ಮದುವೆಗೆ ಉಡುವ ಸೀರೆ ಉಟ್ಟುಕೊಂಡು ಆಟೋದಲ್ಲಿ ಬಂದಿಳಿಯುತ್ತಾರೆ. ಅಣ್ಣ ಹೋಟೆಲಿಗೆ ಕರೆದುಕೊಂಡು ಹೋಗಿ ತಿಂಡಿ ಕೊಡಿಸುತ್ತಾನೆ, ತಂಗಿಯ ಮಗುವಿಗೆ ಬಿಸ್ಕತ್ತಿನ ಪೊಟ್ಟಣ ತಂದುಕೊಡುತ್ತಾನೆ. ಅವತ್ತು ಅಣ್ಣನಷ್ಟು ಒಳ್ಳೆಯವನು ಇನ್ನೊಬ್ಬನಿರುವುದಿಲ್ಲ. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು, ಒಂದು ಸೀರೆ. ಒಳಗೆ ಹೋಗುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಹೆಬ್ಬೆಟ್ಟು ಒತ್ತುತ್ತಾರೆ. ನೀವೇ ಒಪ್ಪಿ ಬರೆದುಕೊಟ್ಟಿದ್ದೀರಾ ಅಂತ ಕೇಳಿದರೆ ಹೌದು ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಕಾನೂನು ಏನು ಹೇಳುತ್ತದೆ ಅನ್ನುವುದನ್ನು ನಾನು ಪ್ರತಿಸಲ ಹೇಳುತ್ತೇನೆ, ಕೇಳುವವರು ಕಡಿಮೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಅಂತ ಕರ್ನಾಟಕ, ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬರುವ ಮುಂಚೆಯೇ, 1994ರಲ್ಲಿ, ಕಾನೂನು ಜಾರಿಗೆ ತಂದಿತು. ಆದರೆ ಅದಕ್ಕೆ ಮುಂಚೆ ಮದುವೆಯಾಗಿದ್ದವರಿಗೆ ಅದು ಸಿಗಲಿಲ್ಲ. 2005ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯ ಲೆಕ್ಕ ಹೋಯಿತು. ತಿದ್ದುಪಡಿ ಬರುವ ಹೊತ್ತಿಗೆ ಅಪ್ಪ ಬದುಕಿರಬೇಕಿತ್ತೇ ಬೇಡವೇ ಅನ್ನುವ ಜಗಳ ಹದಿನೈದು ವರ್ಷ ನಡೆಯಿತು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, ಅಪ್ಪ ಬದುಕಿರಬೇಕೆಂದಿಲ್ಲ ಅಂತ ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿ ಪಾಲಾಗಿದ್ದರೆ ಅದನ್ನು ಅಲುಗಾಡಿಸುವ ಹಾಗಿಲ್ಲ. ಇಷ್ಟೇ. ಎಲ್ಲ ಹೆಣ್ಣಿನ ಪರವಾಗಿಯೇ ಇದೆ.

ಮಣ್ಣಿನ ಬೆಲೆಯೂ ಮೊದಲಿನಂತಿಲ್ಲ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ, ಒಟ್ಟು 262 ಕಿಲೋಮೀಟರಿನದು, ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಬೇತಮಂಗಲದ ಕಡೆಗೆ ಹಾದುಹೋಗುತ್ತದೆ. ಅದರ ಆಸುಪಾಸಿನ ರಾಗಿ ಹೊಲಕ್ಕೆ ಈಗ ಎಕರೆ ಲೆಕ್ಕ ಹೋಗಿ ಚದರಡಿ ಲೆಕ್ಕ ಬಂದಿದೆ. ತಂಗಿ ಬಿಟ್ಟುಕೊಡುವುದು ಅದನ್ನು.

ಬೂದಿಕೋಟೆ ಕಡೆಯ ಒಬ್ಬಾಕೆಯನ್ನು ನಾನೇ ಪಕ್ಕಕ್ಕೆ ಕರೆದು ಕೇಳಿದೆ. “ನಿಮ್ಮ ಪಾಲು ಎಷ್ಟು ಬರ್ತದೆ ಗೊತ್ತೇನಮ್ಮ?”

“ಗೊತ್ತು. ನಮ್ಮ ಹುಡುಗ ಫೋನಲ್ಲಿ ಲೆಕ್ಕ ಹಾಕಿ ತೋರಿಸಿದ.”

“ಮತ್ತೆ?”

“ನಾಳೆ ನಮ್ಮ ಮನೆಯವರು ಕುಡಿದು ಹೊಡೆದು ಆಚೆಗೆ ಹಾಕಿದ್ರೆ ಕಾನೂನು ಬಾಗಿಲು ತೆಗೀತದಾ ಅಮ್ಮ? ಅಣ್ಣ ತೆಗೀಬೇಕು. ಅಣ್ಣ ತೆಗೆದ್ರೂ ಅತ್ತಿಗೆ ತೆಗೀಬೇಕು.”

ಓದಿದವರು ಇಂಥವರನ್ನು ತಿಳಿವಳಿಕೆಯಿಲ್ಲದವರು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆಕೆ ವಿಮೆಯ ಕಂತು ಕಟ್ಟುತ್ತಿದ್ದಾಳೆ. ಒಂದೇ ಕಂತು, ಅರ್ಧ ಎಕರೆ. ಪಾಲಿಸಿ ಕಾಗದ ಮಾತ್ರ ಯಾರೂ ಕೊಡುವುದಿಲ್ಲ. ಗಂಡ ತೀರಿಕೊಂಡೋ ಬಿಟ್ಟೋ ನಿಜವಾಗಿ ತವರಿಗೆ ಬಂದ ಹೆಂಗಸರನ್ನೂ ನಾನು ನೋಡಿದ್ದೇನೆ. ಒಂದು ತಿಂಗಳು ಬಾಗಿಲು ತೆಗೆದಿರುತ್ತದೆ.

ಪಾಲು ಕೇಳಿದರೆ ಅಣ್ಣ ಏನೂ ಮಾಡುವುದಿಲ್ಲ. ಹೊಡೆಯುವುದಿಲ್ಲ, ಬೈಯುವುದೂ ಇಲ್ಲ. ಗೌರಿ ಹಬ್ಬಕ್ಕೆ ಬಾಗಿನ ಬರುವುದಿಲ್ಲ, ಅಷ್ಟೇ. ಅಕ್ಕಪಕ್ಕದವರು, “ಯಾಕಮ್ಮ, ಈ ಸಲ ನಿಮ್ಮಣ್ಣ ಬರ್ಲಿಲ್ವಾ?” ಅಂತ ಕೇಳುತ್ತಾರೆ. ಉತ್ತರ ಅವರಿಗೂ ಗೊತ್ತಿರುತ್ತದೆ. ಆ ಒಂದು ಪ್ರಶ್ನೆಗೆ ಹೆದರಿ ಅರ್ಧ ಎಕರೆ ಬಿಟ್ಟವರಿದ್ದಾರೆ. ಇದನ್ನು ಬಲವಂತ ಅಂತ ಯಾವ ಕೋರ್ಟಿನಲ್ಲಿ ಹೇಗೆ ಸಾಬೀತು ಮಾಡುವುದು?

ಹೆಬ್ಬೆಟ್ಟು ಒತ್ತುವಾಗೆಲ್ಲ ನಮ್ಮಪ್ಪ ಹೇಳುತ್ತಿದ್ದ ಒಂದು ವಿಷಯ ನೆನಪಾಗುತ್ತದೆ. ಅವರು ಕೆಜಿಎಫ್‌ನಲ್ಲಿ, ಚಾಂಪಿಯನ್ ರೀಫ್ ಗಣಿಯ ಟೈಂ ಆಫೀಸಿನಲ್ಲಿ ಕೆಲಸಕ್ಕಿದ್ದರು. ಅವರಿಗಿಂತ ಹಿಂದಿನವರ ಕಾಲದಲ್ಲಿ, 1930ರಲ್ಲಿ, ಕಾರ್ಮಿಕರೆಲ್ಲ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಿಕೊಳ್ಳಬೇಕು ಅಂತ ಕಂಪನಿ ಹೊರಟಿತು. ನಾವೇನು ಕಳ್ಳರೇ ಅಂತ ಸಾವಿರಾರು ಜನ ಗಣಿಗೆ ಇಳಿಯುವುದನ್ನೇ ನಿಲ್ಲಿಸಿದರು. ಓದು ಬರಹ ಇಲ್ಲದವರು, ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಹೊಟ್ಟೆಪಾಡಿಗೆ ಬಂದವರು, ಬಹುಪಾಲು ದಲಿತರು. ಸಂಬಳ ನಿಂತರೆ ಒಲೆ ಹತ್ತದು ಅನ್ನುವ ಸ್ಥಿತಿ. ಆದರೂ ಬೆರಳು ಕೊಡೆವು ಅಂದರು. ಅವರು ಧೈರ್ಯಶಾಲಿಗಳು, ನಮ್ಮ ಹೆಣ್ಣುಮಕ್ಕಳು ಪುಕ್ಕಲರು ಅಂತ ಇದಕ್ಕೆ ಅರ್ಥ ಹೇಳಿದರೆ ನಾನು ಒಪ್ಪುವುದಿಲ್ಲ. ಅವರು ಲೈನ್ ಮನೆಗಳಲ್ಲಿ ಗೋಡೆಗೆ ಗೋಡೆ ಆನಿಸಿಕೊಂಡು ಬದುಕುತ್ತಿದ್ದರು, ಒಟ್ಟಿಗೆ ಬೇಡ ಅಂದರು. ಸಹಿಗೆ ಬಂದ ತಂಗಿ ಆಟೋದಿಂದ ಇಳಿದಾಗ ಸುತ್ತ ನಿಂತವರೆಲ್ಲ ಅಣ್ಣನ ಕಡೆಯವರೇ. ಸಾಕ್ಷಿಗೆ ಬಂದವನೂ ಅಣ್ಣನ ಸ್ನೇಹಿತನೇ.

ಅಕ್ಕನ ಮಗಳು ಬೆಂಗಳೂರಿನಲ್ಲಿ ಮನಶ್ಶಾಸ್ತ್ರ ಓದುತ್ತಾಳೆ. ಅವಳ ಹತ್ತಿರ ಇದನ್ನು ಹೇಳಿದಾಗ ಸಾಲಮನ್ ಆಶ್ ಅನ್ನುವ ಅಮೆರಿಕದ ವಿಜ್ಞಾನಿ 1951ರ ಸುಮಾರಿಗೆ ಮಾಡಿದ ಪ್ರಯೋಗವೊಂದನ್ನು ಹೇಳಿದಳು. ಒಂದು ಕೋಣೆಯಲ್ಲಿ ಏಳೆಂಟು ಜನರನ್ನು ಕೂರಿಸಿ ಒಂದು ಗೆರೆ ತೋರಿಸುತ್ತಾರೆ. ಪಕ್ಕದ ಮೂರು ಗೆರೆಗಳಲ್ಲಿ ಯಾವುದು ಇದರಷ್ಟೇ ಉದ್ದ ಇದೆ ಹೇಳಿ ಅಂತ ಕೇಳುತ್ತಾರೆ. ಚಿಕ್ಕ ಮಗುವೂ ಹೇಳಬಹುದು. ಆದರೆ ಕೂತವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ವಿಜ್ಞಾನಿ ಹೇಳಿಕೊಟ್ಟ ಮಂದಿ, ಬೇಕಂತಲೇ ತಪ್ಪು ಗೆರೆ ತೋರಿಸುತ್ತಾರೆ. ಕೊನೆಗೆ ಆ ಒಬ್ಬನ ಸರದಿ. ಕಣ್ಣೆದುರಿಗೆ ಸರಿಯಾದ ಗೆರೆ ಇದ್ದರೂ ನಾಲ್ವರಲ್ಲಿ ಮೂವರು ಒಂದು ಸಲವಾದರೂ ಗುಂಪಿನ ಜೊತೆಗೆ ತಪ್ಪು ಹೇಳಿದರಂತೆ. ಯಾರೂ ಬೆದರಿಸಿರಲಿಲ್ಲ. ಮತ್ತೆ ನೋಡುವ ಮುಖಗಳೂ ಅವಲ್ಲ.

ಇಷ್ಟಾದರೆ ನನಗೇನೂ ಆಶ್ಚರ್ಯ ಆಗುತ್ತಿರಲಿಲ್ಲ. ಮುಂದಿನದು ಕೇಳಿ. ಆ ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿಯಾದ ಉತ್ತರ ಹೇಳುವ ಹಾಗೆ ಮಾಡಿದಾಗ, ಗುಂಪಿಗೆ ಬಗ್ಗುವುದು ಮೊದಲಿದ್ದುದರ ಕಾಲುಭಾಗಕ್ಕೆ ಇಳಿಯಿತು. ಒಬ್ಬ ಸಾಕು. ಅವನು ಭಾಷಣ ಮಾಡಬೇಕಿಲ್ಲ, ಬೆನ್ನು ತಟ್ಟಬೇಕಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಸುಮ್ಮನೆ ಕೂತರೆ ಸಾಕು.

ನಾಲ್ಕು ಜನ ಏನಂದಾರು ಅನ್ನುವ ಭಯಕ್ಕೆ ಮಾಡುವ ಮದುವೆ ಸಾಲದ ವಿಷಯ ಹೆಚ್ಚು ಹೇಳಬೇಕಾಗಿಲ್ಲ, ಎಲ್ಲರ ಮನೆಯದೂ ಅದೇ ಪಾಡು. ಫೆಬ್ರವರಿಯಿಂದ ಮೇ ತಿಂಗಳವರೆಗೆ ನನಗೆ ಭೋಗ್ಯಪತ್ರದ ಸುಗ್ಗಿ. ಛತ್ರ, ವಾದ್ಯ, ಸ್ಟೇಜಿನ ಹೂವು, ಬಂದವರಿಗೆಲ್ಲ ತಾಂಬೂಲದ ಚೀಲ. 1961ರಿಂದ ವರದಕ್ಷಿಣೆ ನಿಷೇಧ, ಆದ್ದರಿಂದ ಈಗ ಅದಕ್ಕೆ ಆ ಹೆಸರಿಲ್ಲ. ಕುವೆಂಪು ಅವರು ಮಂತ್ರ ಮಾಂಗಲ್ಯ ಅಂತ ಸರಳ ಮದುವೆಯ ದಾರಿ ತೋರಿಸಿಕೊಟ್ಟು, 1966ರಲ್ಲಿ ಸ್ವಂತ ಮಗ ತೇಜಸ್ವಿಯ ಮದುವೆಯನ್ನೇ ಹಾಗೆ ಮಾಡಿದರು. ಕುವೆಂಪು ಪಟವನ್ನು ಅಂಗಡಿಯಲ್ಲಿ ಹಾಕಿಕೊಂಡಿರುವ ನಮ್ಮ ಊರಿನ ಒಬ್ಬ ಸಾಹುಕಾರರಿಗೆ ಇದನ್ನು ನೆನಪಿಸಿದೆ. “ಅವರು ಮಾಡಿದ್ರೆ ಆದರ್ಶ ಅಂತಾರೆ ರೈಟ್ರಮ್ಮ, ನಾನು ಮಾಡಿದ್ರೆ ಜಿಪುಣ ಅಂತಾರೆ” ಅಂದರು. ಅದೂ ಸರಿಯೇ.

ಇದೆಲ್ಲ ಮಣ್ಣು, ದುಡ್ಡು. ಪ್ರಾಣ ತೆತ್ತವರೂ ಇದ್ದಾರೆ.

2023ರ ಜೂನ್ ಕೊನೆಯಲ್ಲಿ ನಮ್ಮ ಬಂಗಾರಪೇಟೆ ತಾಲ್ಲೂಕಿನ ಬೋಡಗುರ್ಕಿಯಲ್ಲಿ ಇಪ್ಪತ್ತರ ವಯಸ್ಸಿನ ಹುಡುಗಿಯೊಬ್ಬಳ ಕೊಲೆಯಾಯಿತು. ಹಿಂದುಳಿದ ಜಾತಿಯವಳು, ದಲಿತ ಹುಡುಗನನ್ನು ಇಷ್ಟಪಟ್ಟಿದ್ದಳು. ಕೊಂದ ಆರೋಪದ ಮೇಲೆ ಪೊಲೀಸರು ಹಿಡಿದದ್ದು ಅವಳ ತಂದೆಯನ್ನು. ಸುದ್ದಿ ಕೇಳಿದ ಹುಡುಗ ರೈಲು ಹಳಿಯ ಮೇಲೆ ಪ್ರಾಣ ಬಿಟ್ಟ. ಆ ವಾರವೆಲ್ಲ ನನ್ನ ಮೇಜಿನ ಸುತ್ತ ಅದೇ ಮಾತು. ಅಯ್ಯೋ ಪಾಪ ಅಂದವರೇ ಹೆಚ್ಚು, ಸುಳ್ಳು ಹೇಳಬಾರದು. ಆದರೆ ಅಯ್ಯೋ ಅಂದವರಲ್ಲೇ ಕೆಲವರು ದನಿ ತಗ್ಗಿಸಿ, ಆ ತಂದೆಯಾದರೂ ಏನು ಮಾಡುತ್ತಾನೆ, ಊರಲ್ಲಿ ತಲೆ ಎತ್ತಿಕೊಂಡು ತಿರುಗಬೇಕಲ್ಲ ಅಂದರು. ಕೊಂದವನನ್ನು ರಾಕ್ಷಸ ಅಂತ ಕರೆದು ನಾವೆಲ್ಲ ಕೈತೊಳೆದುಕೊಂಡರೆ ಹಗುರವಾಗುತ್ತದೆ. ಆದರೆ ಮಗಳ ವಿಷಯ ಊರಿಗೆ ತಿಳಿದ ಮೇಲೆ, “ಹೋಗಲಿ ಬಿಡಣ್ಣ, ಮದುವೆ ಮಾಡು, ನಾನು ಬಂದು ಊಟ ಮಾಡ್ತೀನಿ” ಅಂತ ಹೇಳುವ ಒಬ್ಬ ಮನುಷ್ಯ ಇಂಥ ತಂದೆಯರಿಗೆ ಸಿಗುತ್ತಾನೆಯೇ? ನಮ್ಮ ಕಡೆಯ ಹಳ್ಳಿಗಳನ್ನು ಬಲ್ಲ ನಾನು ಹೌದು ಅನ್ನಲಾರೆ.

ಅದಕ್ಕೆ ಹಿಂದಿನ ವರ್ಷ, 2022ರ ಸೆಪ್ಟೆಂಬರ್‌ನಲ್ಲಿ, ಪಕ್ಕದ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಊರದೇವತೆಯ ಉತ್ಸವದ ಕೋಲನ್ನು ಒಬ್ಬ ದಲಿತ ಹುಡುಗ ಮುಟ್ಟಿದ ಅಂತ ಮನೆಯವರಿಗೆ ಅರವತ್ತು ಸಾವಿರ ರೂಪಾಯಿ ದಂಡ ಹಾಕಿದರು. ಕೂಲಿ ಮಾಡುವವರ ಮನೆ. ಆ ತಾಯಿ ದಂಡ ಕಟ್ಟಲಿಲ್ಲ. ಮನೆಯಲ್ಲಿದ್ದ ದೇವರ ಪಟಗಳನ್ನೇ ತೆಗೆದು ಬುದ್ಧ, ಅಂಬೇಡ್ಕರ್ ಪಟ ಹಾಕಿದರು. ಪತ್ರಿಕೆಗಳು ಅದನ್ನು ಹೊಸ ಸುದ್ದಿಯಂತೆ ಬರೆದವು. ನಮ್ಮ ಗಣಿ ಊರಿಗೆ ಅದು ಹೊಸದಲ್ಲ. 1898ರಲ್ಲಿ ಮದರಾಸಿನಲ್ಲಿ ಅಯೋತ್ತಿ ದಾಸರು ಕಟ್ಟಿದ ಶಾಕ್ಯ ಬೌದ್ಧ ಸಂಘಕ್ಕೆ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಶಾಖೆ ಹುಟ್ಟಿಕೊಂಡಿತ್ತು. 1956ರಲ್ಲಿ ಅಂಬೇಡ್ಕರ್ ನಾಗಪುರದಲ್ಲಿ ದೀಕ್ಷೆ ಪಡೆಯುವುದಕ್ಕೆ ದಶಕಗಳ ಮುಂಚೆಯೇ ಗಣಿಯ ಕೂಲಿಗಳು ನಾವು ಬೌದ್ಧರು ಅಂದುಕೊಂಡು ಪುರೋಹಿತರಿಲ್ಲದೆ ತಮ್ಮ ಮದುವೆಗಳನ್ನು ತಾವೇ ಮಾಡಿಕೊಂಡರು. ಒಬ್ಬಿಬ್ಬರಲ್ಲ, ಸಂಘ ಕಟ್ಟಿಕೊಂಡು.

ಈಗ ಮದುವೆಗೆ ನನ್ನ ಹತ್ತಿರ ಬರುವ ಜೋಡಿಗಳಿಗೆ ಅಂಥ ಸಂಘವಿಲ್ಲ, ಅವರಿಬ್ಬರೇ. ಬೆಳಗಿನ ಸ್ವರ್ಣ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಮಕ್ಕಳು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ಗೆ ಅನ್ನ ಹಾಕುತ್ತಿರುವುದು ಆ ರೈಲು. ಪ್ರೀತಿ ಹುಟ್ಟುವುದೂ ಅದರಲ್ಲೇ, ಎರಡೂ ಹೊತ್ತು ಒಂದೇ ಬೋಗಿಯಲ್ಲಿ ನಿಂತು ಹೋಗುವವರಿಗೆ ಜಾತಿ ಕೇಳುವ ಪುರುಸೊತ್ತೆಲ್ಲಿ. ಅವರಿಗೆ ನಾನು ಹೇಳುವುದು ಇಷ್ಟು. ಇಬ್ಬರೂ ಹಿಂದೂಗಳಾದರೆ ಜಾತಿ ಬೇರೆಯಾದರೂ 1955ರ ಹಿಂದೂ ವಿವಾಹ ಕಾಯ್ದೆ ಸಾಕು, ಮುಂಚಿತ ನೋಟಿಸು ಬೇಡ. ಧರ್ಮ ಬೇರೆಯಾದರೆ, ಯಾರೂ ಧರ್ಮ ಬಿಡದೆ ಮದುವೆಯಾಗುವುದಕ್ಕೆ 1954ರ ವಿಶೇಷ ವಿವಾಹ ಕಾಯ್ದೆ. ಅದಕ್ಕೆ ಮೂವತ್ತು ದಿನದ ನೋಟಿಸು ಹಾಕುತ್ತಾರೆ. ಯಾರು ಬೇಕಾದರೂ ತಕರಾರು ಹಾಕಬಹುದು. ಆದರೆ ವಯಸ್ಸು, ಮೊದಲ ಮದುವೆ, ಹತ್ತಿರದ ರಕ್ತಸಂಬಂಧ, ಬುದ್ಧಿಸ್ವಾಸ್ಥ್ಯ ಇಂಥವು ಮಾತ್ರ ತಕರಾರಿಗೆ ಕಾರಣ. ಅಪ್ಪನಿಗೆ ಇಷ್ಟವಿಲ್ಲ ಅನ್ನುವುದು ಕಾರಣವಲ್ಲ. ಬೆಳಗಾವಿಯ ಲಕ್ಷ್ಮೀಬಾಯಿ ಚಂದರಗಿ ಪ್ರಕರಣದಲ್ಲಿ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಡಿಸಿ ಹೇಳಿತು: ಪ್ರಾಯಕ್ಕೆ ಬಂದ ಇಬ್ಬರು ಒಪ್ಪಿದರೆ ಮನೆಯವರ, ಕುಲದವರ ಒಪ್ಪಿಗೆ ಬೇಕಿಲ್ಲ. ಪ್ರಾಣಭಯ ಇದ್ದರೆ ರಕ್ಷಣೆಗೆ ಜಿಲ್ಲೆಯ ಮಟ್ಟದಲ್ಲಿ ವ್ಯವಸ್ಥೆ ಇರಬೇಕು ಅಂತ 2018ರ ಶಕ್ತಿವಾಹಿನಿ ತೀರ್ಪಿದೆ.

ಇಷ್ಟೆಲ್ಲ ಕೇಳಿಸಿಕೊಂಡು ತಲೆಯಾಡಿಸಿದ ಮೇಲೆ ಹುಡುಗ ನಿಧಾನವಾಗಿ ಕೇಳುತ್ತಾನೆ: “ಆಂಟಿ, ಮೂರು ಜನ ಸಾಕ್ಷಿ ಬೇಕಂತಲ್ಲ?” ಅಲ್ಲೇ ನಿಲ್ಲುವುದು ಬಂಡಿ. ರೈಲಿನಲ್ಲಿ ಜೊತೆಗೆ ಬರುವ ಒಬ್ಬ ಗೆಳೆಯ ಸಿಗುತ್ತಾನೆ, ಹುಡುಗಿಯ ಕಡೆ ಒಬ್ಬ ಗೆಳತಿ. ಮೂರನೆಯವರು ಸಿಗುವುದಿಲ್ಲ. ಸೋದರಮಾವ ಬರುತ್ತೇನೆ ಅಂದಿರುತ್ತಾನೆ, ಆ ದಿನ ಫೋನು ಸ್ವಿಚ್ ಆಫ್. ನಾನು ಹಾಕಿದ ಸಾಕ್ಷಿ ಸಹಿಗಳಿಗೆ ಲೆಕ್ಕ ಇಟ್ಟಿಲ್ಲ. ಹಾಕಿದ್ದಕ್ಕೆ ಕೆಲವು ಗಿರಾಕಿಗಳು ತಪ್ಪಿದ್ದಾರೆ, ಒಂದು ಮನೆಯವರು ಬಂದು ಬಾಗಿಲಲ್ಲಿ ನಿಂತು ಕೂಗಾಡಿಯೂ ಹೋಗಿದ್ದಾರೆ.

ಜೊತೆಗೆ ನಿಲ್ಲುವ ಒಬ್ಬರು ನನಗೂ ಸಿಕ್ಕಿದ್ದರು. ಯಜಮಾನರು ಹೋಗಿ ಕೆಲಸಕ್ಕೆ ಕೂತ ಹೊಸದರಲ್ಲಿ ನಾನು ಹೂವು ಮುಡಿಯುವುದನ್ನು ಬಿಟ್ಟಿದ್ದೆ. ಬಿಡು ಅಂತ ಯಾರೂ ಹೇಳಿರಲಿಲ್ಲ, ನಮ್ಮತ್ತೆ ಕೂಡ. ನಾನೇ ಹಾಗೆ ನಡೆದುಕೊಂಡೆ. ಬಜಾರು ರಸ್ತೆಯಲ್ಲಿ ದಿನಾ ನನಗೆ ಹೂವು ಕೊಡುತ್ತಿದ್ದ ಮುದುಕಿ ಒಂದು ಸಂಜೆ ತಡೆದು, ಒಂದು ಮೊಳ ಕನಕಾಂಬರ ಅಳೆದು ಕೈಗಿಟ್ಟಳು. ಬೇಡ ಅಂದೆ. “ನಿನ್ನ ಗಂಡ ಹೋದ್ರೆ ನನ್ನ ಯಾಪಾರ ಯಾಕಮ್ಮ ಹೋಗಬೇಕು?” ಅಂದಳು. ನಗು ಬಂತು. ಅಂದಿನಿಂದ ಮುಡಿಯುತ್ತಿದ್ದೇನೆ. ಮದುವೆ ಮನೆಯಲ್ಲಿ ಆರತಿಗೆ ಕರೆಯುವಾಗ ಇವತ್ತಿಗೂ ಕೆಲವರ ಕಣ್ಣು ನನ್ನನ್ನು ದಾಟಿ ಹೋಗುತ್ತದೆ. ಹೋಗಲಿ.

ಬಗ್ಗದೆ ಇದ್ದವರಿಗೆ ಖರ್ಚೇ ಇಲ್ಲ ಅಂತ ಯಾರೂ ತಿಳಿಯಬಾರದು. ಕಾಮಸಮುದ್ರದ ಕಡೆಯ ಅಕ್ಕತಂಗಿಯರ ವಿಷಯ ಹೇಳುತ್ತೇನೆ. ಇಬ್ಬರೂ ಒಂದೇ ದಿನ ಹಕ್ಕು ಬಿಡುಗಡೆಗೆ ಬಂದಿದ್ದರು. ತಂಗಿ ಸಹಿ ಮಾಡಿದಳು. ಅಕ್ಕ ಪತ್ರವನ್ನು ಪೂರ್ತಿ ಓದಿಸಿ ಕೇಳಿ, “ನಾನು ಹಾಕಲ್ಲ ಕಣಣ್ಣ” ಅಂದಳು. ಅಣ್ಣನ ಮುಖ ಕಪ್ಪಿಟ್ಟಿತು, ಬಾಯಿ ತೆರೆಯಲಿಲ್ಲ. ಅಕ್ಕ ಆಟೋ ಹತ್ತದೆ ಬಸ್ಸಿನಲ್ಲಿ ಹೋದಳು. ಆಮೇಲೆ ಪಾಲಿನ ದಾವೆ ಹಾಕಿದಳು. ಎರಡು ಸೀಮೆಹಸು ಕಟ್ಟಿ ಡೈರಿಗೆ ಹಾಲು ಹಾಕುವ ಹೆಂಗಸು, ವಕೀಲರ ಫೀಸು ಆ ಹಾಲಿನ ದುಡ್ಡಿನಿಂದಲೇ ಹೋಗುತ್ತಿದೆ. ಅಣ್ಣನ ಮನೆ ಗೃಹಪ್ರವೇಶಕ್ಕೆ ಊರಿಗೆಲ್ಲ ಕರೆ ಬಂತು, ಅವಳಿಗಿಲ್ಲ. ಅಮ್ಮ ಮಧ್ಯಾಹ್ನ ಪಕ್ಕದ ಮನೆಯವರ ಫೋನಿನಿಂದ ಎರಡು ನಿಮಿಷ ಮಾತಾಡಿ ಇಟ್ಟುಬಿಡುತ್ತಾಳೆ. ಗಂಡನ ಮನೆಯಲ್ಲಿ ಒಳಗೊಳಗೇ ಖುಷಿಯಿದೆ, ಅದು ಇವಳಿಗೆ ಇನ್ನೂ ಹೇಸಿಗೆ. “ಹಾಕಿಬಿಟ್ಟಿದ್ರೆ ಚೆನ್ನಾಗಿತ್ತು ಅನ್ನಿಸ್ತದೆ ಕೆಲವು ದಿನ” ಅಂತ ನನ್ನೆದುರಿಗೇ ಹೇಳಿದ್ದಾಳೆ.

ಹೋದ ತಿಂಗಳು ಅಕ್ಕ ಏನೋ ನಕಲು ಬೇಕು ಅಂತ ಬಂದಿದ್ದಳು. ತಂಗಿ ಮಾತು ಬಿಟ್ಟು ಬಹಳ ಕಾಲವಾಗಿತ್ತು, ಅಣ್ಣನಿಗೆ ಹೆದರಿ. ಈಚೆಗೆ ಅವಳೇ ಫೋನು ಮಾಡಿದಳಂತೆ. ಸಹಿ ಹಾಕಿದ ಮೇಲೆ ಎರಡು ವರ್ಷ ಬಾಗಿನ ಬಂತು, ಮೂರನೇ ವರ್ಷದಿಂದ ಅವಳಿಗೂ ಬರುತ್ತಿಲ್ಲ. ಮುಂದಿನ ವಾಯಿದೆಗೆ ಅಕ್ಕನ ಪರವಾಗಿ ಬಂದು ಸಾಕ್ಷಿ ಹೇಳುತ್ತೇನೆ ಅಂದಿದ್ದಾಳೆ. ಗಂಡನಿಗೆ ಇನ್ನೂ ಹೇಳಿಲ್ಲವಂತೆ.